ಹಂದಿಮೂತಿ, ಕರಡಿಮೂತಿ

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ನಮ್ಮ ಮನೆಯಲ್ಲಿ ಗಡಿಯಾರ ಇದ್ದದ್ದು ಮನುಷ್ಯರಿಗಾಗಿ ಅಲ್ಲ, ರೇಷ್ಮೆ ಹುಳುಗಳಿಗಾಗಿ. ಸೊಪ್ಪು ಹಾಕುವ ಹೊತ್ತು ತಪ್ಪಬಾರದೆಂದು ಅಪ್ಪ ಅದನ್ನು ನಡುಮನೆಯ ಕಂಬಕ್ಕೆ ನೇತುಹಾಕಿದ್ದ. ನಾಲ್ಕರ ಸೊಪ್ಪು ಹಾಕಿ, ಕೊನೆಯ ಬಿದಿರು ತಟ್ಟೆಯನ್ನು ಸ್ಟ್ಯಾಂಡಿಗೆ ತಳ್ಳಿ, ಅಭ್ಯಾಸಬಲದಿಂದ ಗಡಿಯಾರದ ಕಡೆ ನೋಡಿದೆ. ಹಾಗೆ ನೋಡದೆ ಇದ್ದಿದ್ದರೆ ಈ ನಿಮಿಷ ನನ್ನ ತಲೆಯಲ್ಲಿ ಇಷ್ಟು ಗಟ್ಟಿಯಾಗಿ ಕೂರುತ್ತಿರಲಿಲ್ಲವೇನೋ. ನನ್ನ ತಂಗಿ ಮಂಜಿ ಹೊಸಿಲ ಮೇಲೆ ಕೂತಿದ್ದಳು. ಐದು ವರ್ಷದವಳು. ತುಟಿ, ಗಲ್ಲ, ಲಂಗದ ಮಡಿಲು ಎಲ್ಲ ಹಿಪ್ಪುನೇರಳೆ ಹಣ್ಣಿನ ಬಣ್ಣ. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು, ಒರೆಸಿದರೂ ನಿಲ್ಲುತ್ತಿರಲಿಲ್ಲ. ಹಣೆ ಕೊಡ ಬಗ್ಗಿಸಿದಂತೆ ಬೆವರುತ್ತಿತ್ತು.

"ಅಕ್ಕಾ, ಮನೆ ಯಾಕೆ ಕತ್ತಲಾಗೈತೆ?" ಅಂದಳು.

ಮನೆ ಕತ್ತಲಾಗಿರಲಿಲ್ಲ. ಬಾಗಿಲಲ್ಲಿ ಕಾರ್ತಿಕದ ಬಿಸಿಲು ಬಿದ್ದಿತ್ತು. ಅವಳು ಕೂತದ್ದೇ ಆ ಬಿಸಿಲಿನಲ್ಲಿ.

ನನಗೆ ಆಗ ಹನ್ನೊಂದು ವರ್ಷ. ಅಲ್ಲಿಂದ ಈಚೆಗೆ ಕಾಲೇಜು ಓದಿದ್ದೇನೆ, ಜೀವಶಾಸ್ತ್ರದ ಪುಸ್ತಕಗಳನ್ನು ಓದಿದ್ದೇನೆ, ಆ ಜೊಲ್ಲಿಗೆ, ಆ ಬೆವರಿಗೆ, ಕಣ್ಣು ಮಂಜಾದುದಕ್ಕೆ ಕಾರಣ ಒಂದೊಂದಾಗಿ ಬಿಡಿಸಿ ಹೇಳಬಲ್ಲೆ. ಆದರೂ ಈ ವಯಸ್ಸಿನಲ್ಲಿ ಯಾವುದೋ ಕೆಲಸದ ನಡುವೆ ಕೈ ನಿಂತುಬಿಡುತ್ತದೆ. ನಾಲ್ಕು ಹತ್ತರಿಂದ ಹಿಂದಕ್ಕೆ ಹೋಗುತ್ತೇನೆ, ಬೆಳಿಗ್ಗೆಯ ಒಂಬತ್ತು ಗಂಟೆಯವರೆಗೆ. ಅಲ್ಲಿ ಒಬ್ಬ ಹುಡುಗಿ ಕೈಯಲ್ಲಿ ಕುಡುಗೋಲು ಹಿಡಿದು ಎರಡು ದಾರಿ ಸೇರುವಲ್ಲಿ ನಿಂತಿರುತ್ತಾಳೆ. ಅವಳನ್ನು ಬಲಕ್ಕೆ ಕಳಿಸಲು ನೋಡುತ್ತೇನೆ. ಪ್ರತಿ ಸಲವೂ ಅವಳು ಎಡಕ್ಕೇ ಹೋಗುತ್ತಾಳೆ.

ನಮ್ಮ ಮನೆ ರಾಮನಗರದಿಂದ ಕೂಟಗಲ್ ಕಡೆಗೆ ಹೋಗುವ ದಾರಿಯಲ್ಲಿ, ಬಂಡೆಗಳ ಬುಡದ ಒಂದು ಸಣ್ಣ ಊರಿನಲ್ಲಿತ್ತು. ಹುಳುವಿಗೆ ಬೇರೆ ಮನೆ ಕಟ್ಟುವುದು ಆಗಿನ್ನೂ ನಮ್ಮಂಥವರಿಗೆ ಬಂದಿರಲಿಲ್ಲ. ನಡುಮನೆಯೇ ಹುಳುಮನೆ. ಗೋಡೆಯುದ್ದಕ್ಕೂ ಸ್ಟ್ಯಾಂಡುಗಳು, ಅವುಗಳಲ್ಲಿ ಒಂದರ ಮೇಲೊಂದು ತಟ್ಟೆಗಳು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳೆಲ್ಲ ನೀರಿನ ಬಟ್ಟಲಿನಲ್ಲಿ. ನಡುವೆ ಉಳಿದ ಓಣಿಯಲ್ಲಿ ಚಾಪೆ ಹಾಸಿ ನಾವು ಮಲಗುತ್ತಿದ್ದೆವು. ಹುಳು ಇರುವ ಇಪ್ಪತ್ತೈದು ದಿನ ಮನೆ ನಮ್ಮದಾಗಿರುತ್ತಿರಲಿಲ್ಲ. ಹುಳುವಿಗೆ ಘಾಟು ಆಗದೆಂದು ಅವ್ವ ಒಗ್ಗರಣೆ ನಿಲ್ಲಿಸುತ್ತಿದ್ದಳು. ದಿನವೂ ಮುದ್ದೆ, ಒಗ್ಗರಣೆ ಕಾಣದ ಬಸ್ಸಾರು. ಹೊರಗಿನವರು ಜಗಲಿಯಿಂದಲೇ ಮಾತಾಡಿ ಹೋಗಬೇಕು. ಹೊಗೆಸೊಪ್ಪು ಮುಟ್ಟಿದ ಕೈ ತಾಗಿದರೆ ಹುಳು ಸಾಯುತ್ತದೆಂದು ಅಜ್ಜಿ ತನ್ನ ಹೊಗೆಸೊಪ್ಪಿನ ಚೀಲವನ್ನು ಹಿತ್ತಿಲ ಸೌದೆಯ ಸಂದಿಯಲ್ಲಿ ಇಟ್ಟುಬಿಡುತ್ತಿದ್ದಳು. ಆ ದಿನಗಳಲ್ಲಿ ಅವಳ ಬಾಯಿಗೆ ಸಿಕ್ಕವರು ಕೆಟ್ಟರು. ಅಪ್ಪನನ್ನೂ ಬಿಡುತ್ತಿರಲಿಲ್ಲ.

"ನಿನ್ನ ಎತ್ತಾಡ್ಸುವಾಗ್ಲೂ ಇಷ್ಟು ಜ್ವಾಪಾನ ಮಾಡಿರ್ನಿಲ್ಲ ಕಣ್ಲಾ ನಾನು. ಈ ಹುಳೀಗೆ ಇರೋ ಮರ್ವಾದೆ ಹೆತ್ತೋಳ್ಗಿಲ್ಲ."

"ಹುಳ ಗೂಡು ಕಟ್ಟತದೆ ಕಣವ್ವ, ನೀನೇನ್ ಕಟ್ಟಿಯೆ?" ಎಂದು ಅಪ್ಪ ನಗುತ್ತಿದ್ದ.

ಮೂತಿಗಳ ಲೆಕ್ಕ ಅಜ್ಜಿಯದು. ಮಳೆ ಹಿಂದಾಗಿ ದೀಪಾವಳಿ ಕಳೆದರೆ ಹಿಪ್ಪುನೇರಳೆಗೆ ಒಂದು ಸಣ್ಣ ಹಸಿರು ಹುಳು ಬೀಳುತ್ತದೆ. ಕುಡಿ ಎಲೆಗಳನ್ನು ನೂಲಿನಿಂದ ಸುತ್ತಿ, ಒಳಗೆ ಕೂತು ಮೇಯುತ್ತದೆ. ಅದೇ ಆಮೇಲೆ ಕಂದುಬಣ್ಣದ ಒಂದು ಚಿಕ್ಕ ಚಿಟ್ಟೆಯಾಗಿ ಸಂಜೆ ದೀಪಕ್ಕೆ ಬಂದು ಸುಣ್ಣದ ಗೋಡೆಯ ಮೇಲೆ ಕೂರುತ್ತದೆ. ಹತ್ತಿರ ಹೋಗಿ ನೋಡಿದರೆ ಅದರ ಮುಖ ಮುಂದಕ್ಕೆ ಚಾಚಿಕೊಂಡಿರುತ್ತದೆ, ಏನನ್ನೋ ಮೂಸುತ್ತಿರುವಂತೆ. ಅದು ಅಜ್ಜಿಗೆ ಹಂದಿಮೂತಿ. ರಾಗಿ ತುಂಬಿಡುವ ವಾಡೆಯಿಂದ ಏಳುವ ಬೂದಿಬಣ್ಣದ್ದು ಇಲಿಮೂತಿ. ಮೈಯೆಲ್ಲ ರೋಮವಿದ್ದು ಬಾಗಿಲ ಸಂದಿಯಲ್ಲಿ ಅಡಗುವ ದೊಡ್ಡದು ಕರಡಿಮೂತಿ. ಬಂಡೆಯ ಕೆಳಗಿನ ಜೌಗಿನಲ್ಲಿ ಹಗಲು ಹೊತ್ತು ಕೂರುವ, ಕೊಕ್ಕಿನಂತೆ ಮುಖ ಚಾಚಿದ ಬಣ್ಣದ ಚಿಟ್ಟೆಯೂ ಒಂದಿತ್ತು, ಅದು ನರಿಮೂತಿ. ಸತ್ತ ಪ್ರಾಣಿಯ ಮೂತಿಗೆ ಮಾತ್ರ ಹಸಿವು ಹೋಗಿರುವುದಿಲ್ಲವಂತೆ, ಅದು ರೆಕ್ಕೆ ಕಟ್ಟಿಕೊಂಡು ಮೇಯಲು ಬರುತ್ತದಂತೆ. ಊರಿನಲ್ಲಿ ಬೇರೆ ಯಾರೂ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ. ಹೊಗೆಸೊಪ್ಪಿಲ್ಲದ ಸಂಜೆಗಳನ್ನು ಕಳೆಯಲು ಅವಳೇ ಕಟ್ಟಿದ ಕತೆಯಿರಬೇಕು. ಮಂಜಿಗೆ ಆ ಕತೆಯ ಹುಚ್ಚು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಇದು ಹಂದೀದು, ಇದು ಇಲೀದು ಎಂದು ಎಣಿಸುತ್ತಿದ್ದಳು. ಮುಂದೆ ಕಾಲೇಜಿನಲ್ಲಿ ಮೇಷ್ಟರು ಗುಂಡುಸೂಜಿಗೆ ಚುಚ್ಚಿದ ಒಂದು ಚಿಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಇಂಗ್ಲಿಷಿನವರೂ ಈ ಕುಲವನ್ನು ಮೂತಿಯ ಹೆಸರಿನಿಂದಲೇ ಕರೆಯುತ್ತಾರೆ, ಆದರೆ ಇದು ಮೂತಿಯಲ್ಲ, ಬಾಯಿಯ ಪಕ್ಕದ ಎರಡು ಸಣ್ಣ ಸ್ಪರ್ಶಾಂಗಗಳು ಅಷ್ಟೇ ಎಂದು ವಿವರಿಸಿದರು. ಎಲ್ಲರೂ ಸಾಲಾಗಿ ನೋಡಿದರು. ನನ್ನ ಸರದಿ ಬಂದಾಗ ನಾನು ಪ್ರಯೋಗಶಾಲೆಯಿಂದ ಹೊರಗೆ ಹೋಗಿ ನಲ್ಲಿಯ ಹತ್ತಿರ ಕೂತೆ.

ನಿಜವಾದ ಕರಡಿಯನ್ನೂ ನಾನು ನೋಡಿದ್ದೆ. ನಮಗೆ ಎರಡು ತುಂಡು ಹಿಪ್ಪುನೇರಳೆ ತೋಟ. ಮನೆಯ ಎಡಕ್ಕೆ ಬಾವಿ ತೋಟ, ಕೂಗಿದರೆ ಕೇಳುವಷ್ಟು ಹತ್ತಿರ. ಬಲಕ್ಕೆ, ಹಳ್ಳ ದಾಟಿ, ಗುಡ್ಡದ ಬುಡಕ್ಕೆ ಅಂಟಿಕೊಂಡಂತೆ ಬಂಡೆ ತೋಟ. ಹಿಂದಿನ ವರ್ಷ ಒಂದು ಸಂಜೆ ಅಲ್ಲಿ ಸೊಪ್ಪು ಕುಯ್ಯುತ್ತಿದ್ದಾಗ ಬೇಲಿಯಾಚೆ ಯಾರೋ ಗೊರಕೆ ಹೊಡೆದಂತೆ, ದಪ್ಪ ಪೈಪಿನಲ್ಲಿ ನೀರು ಎಳೆದಂತೆ ಸದ್ದು ಕೇಳಿಸಿತ್ತು. ಕರಡಿ ಹುತ್ತಕ್ಕೆ ಮೂತಿ ಇಟ್ಟು ಗೆದ್ದಲನ್ನು ಹೀರುತ್ತಿತ್ತು. ತಲೆ ಎತ್ತಿದಾಗ ಆ ಉದ್ದ ಬಿಳಿಚು ಮೂತಿಗೆ ಕೆಂಪು ಮಣ್ಣು ಮೆತ್ತಿತ್ತು. ಅದು ನನ್ನನ್ನು ನೋಡಲಿಲ್ಲ, ಗಾಳಿಯನ್ನು ಮೂಸಿ ಮತ್ತೆ ಹುತ್ತಕ್ಕೆ ಬಗ್ಗಿತು. ನಾನು ಸೊಪ್ಪಿನ ಹೊರೆ ಬಿಟ್ಟು ಓಡಿಬಂದಿದ್ದೆ. ಮನೆಯಲ್ಲಿ ಹೇಳಿದರೆ ಎಲ್ಲರೂ ನಕ್ಕರು.

"ಕರಡಿ ಹೆಣ್ಣು ನೋಡಾಕೆ ಬಂದಿತ್ತು ಕಣ್ರವ್ವಾ," ಎಂದಳು ಅಜ್ಜಿ. "ಮೈ ತುಂಬ ಕಂಬ್ಳಿ ಹೊದ್ಕಂಡೇ ಬಂದದೆ. ಚಳಿಗಾಲ್ದಾಗೆ ಸುಖವಾಗಿರ್ತೀಯ ಹೋಗು."

ಅವ್ವನೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಲ್ಲಿಂದ ಮುಂದೆ ಬಂಡೆ ತೋಟದ ಹೆಸರೆತ್ತಿದರೆ ನಾನು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಆದರೆ ಮತ್ತೆ ಆ ಮಾತು ಆಡಲಿಲ್ಲ.

ಆ ವರ್ಷ ಹಂದಿಮೂತಿಯ ಕಾಟ ವಿಪರೀತವಾಗಿತ್ತು. ಬಂಡೆ ತೋಟದಲ್ಲಿ ಸುತ್ತಿಕೊಳ್ಳದ ಕುಡಿಯೇ ಇರಲಿಲ್ಲ. ಅಪ್ಪ ಪರಿಚಯದ ದ್ರಾಕ್ಷಿ ಬೆಳೆಗಾರನೊಬ್ಬನಿಂದ ಜೋರಾದ ಔಷಧಿ ತಂದು ಹೊಡೆದ. ಹದಿನೈದು ದಿನ ಆ ಸೊಪ್ಪು ಮುಟ್ಟಬೇಡ ಎಂದು ಅವನು ಹೇಳಿಯೇ ಕಳಿಸಿದ್ದ. ಒಂಬತ್ತನೇ ದಿನಕ್ಕೆ ನಮ್ಮ ಹುಳು ನಾಲ್ಕನೇ ಜ್ವರದಿಂದ ಎದ್ದವು. ಪೊರೆ ಬಿಡುವ ಮುಂಚೆ ಹುಳು ಒಂದು ದಿನ ಮೇಯದೆ ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಕೊನೆಯ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ತಳವಿಲ್ಲ. ಬಾವಿ ತೋಟ ಬರಿದಾಗುತ್ತ ಬಂದಿತ್ತು. ಇಂಥ ಇಕ್ಕಟ್ಟಿಗೆ ಹುಳು ಸಾಕುವವರ ಬಳಿ ಒಂದು ಉಪಾಯವಿದೆ. ಔಷಧಿ ಹೊಡೆದ ತೋಟದ ನಾಲ್ಕು ಕಡ್ಡಿ ಸೊಪ್ಪು ತಂದು, ಮೂವತ್ತು ನಲವತ್ತು ಹುಳು ಬೇರೆ ಮಾಡಿ ಅವುಗಳಿಗೆ ಹಾಕುವುದು. ವಿಷ ಉಳಿದಿದ್ದರೆ ಒಂದೆರಡು ಗಂಟೆಯೊಳಗೆ ಹುಳು ತಲೆ ಎತ್ತಿ ಆಡಿಸುತ್ತದೆ, ಹಸಿರು ಕಾರುತ್ತದೆ. ಸುಮ್ಮನೆ ಮೇಯುತ್ತಿದ್ದರೆ ತೋಟ ಶುದ್ಧ. ರೇಷ್ಮೆ ಹುಳುವಿನಷ್ಟು ನಾಜೂಕು ಜೀವ ಇನ್ನೊಂದಿಲ್ಲವೆಂಬುದು ನಮ್ಮ ನಂಬಿಕೆ. ಅದು ತಿಂದು ಬದುಕಿದ್ದನ್ನು ದನ, ಮೇಕೆ, ಮಕ್ಕಳು ಯಾರು ಬೇಕಾದರೂ ತಿನ್ನಬಹುದು.

"ಸಾವಿ, ಬಂಡೆ ತೋಟಕ್ಕೆ ಹೋಗಿ ನಾಕು ಕಡ್ಡಿ ಸೊಪ್ಪು ಕುಯ್ಕಂಬಾ. ನಂಗೆ ಕೈತುಂಬ ಕೆಲ್ಸ ಐತೆ," ಎಂದಳು ಅವ್ವ.

ಒಂಬತ್ತು ಗಂಟೆ. ಬಿಸಿಲು ಬಂದಿತ್ತು. ಹಳ್ಳದ ಹತ್ತಿರ, ಎರಡು ದಾರಿ ಸೇರುವಲ್ಲಿ ನಿಂತೆ. ಆಚೆ ತೋಟ ಕಾಣುತ್ತಿತ್ತು, ಅದರಾಚೆ ಬಂಡೆಯ ನೆರಳು ಇನ್ನೂ ಬೇಲಿಯ ಮೇಲೇ ಇತ್ತು. ಎಲ್ಲೋ ತರಗೆಲೆ ಸರಿದ ಸದ್ದಾಯಿತು. ಓತಿಕ್ಯಾತವಿರಬಹುದು. ನಾನು ತಿರುಗಿ ಬಾವಿ ತೋಟಕ್ಕೆ ಬಂದು, ಬದುವಿನಲ್ಲಿ ಉಳಿದಿದ್ದ ಗಿಡಗಳಿಂದ ನಾಲ್ಕು ಕಡ್ಡಿ ಕುಯ್ದುಕೊಂಡೆ. ಸೊಪ್ಪು ಎಲ್ಲ ಒಂದೇ ತರ ಕಾಣುತ್ತದೆ ಎಂದುಕೊಂಡದ್ದು ನೆನಪಿದೆ. ಹದಿನೈದು ದಿನ ಮುಗಿಯಲು ಇನ್ನು ಆರೇ ದಿನ, ಅಷ್ಟರಲ್ಲಿ ಏನು ಉಳಿದಿರುತ್ತದೆ ಎಂದುಕೊಂಡದ್ದೂ ನೆನಪಿದೆ. ಅಪ್ಪ ಆ ಸೊಪ್ಪನ್ನು ಹುಳುವಿಗೆ ಹಾಕಿ, ಹನ್ನೆರಡು ಗಂಟೆಯವರೆಗೂ ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಒಂದು ಹುಳುವೂ ತಲೆ ಎತ್ತಲಿಲ್ಲ. ಎದ್ದು ನಿಂತು ನನ್ನ ತಲೆ ಸವರಿದ.

"ತೋಟ ಚೊಕ್ಕ ಆಗದೆ. ಕುಯ್ಯೋಗ್ರಿ."

ಊಟ ಮುಗಿಸಿ ಅವ್ವ ಬಂಡೆ ತೋಟಕ್ಕೆ ಹೊರಟಳು. ಮಂಜಿ ನರಿಮೂತಿ ನೋಡಬೇಕೆಂದು ಹಟ ಹಿಡಿದು ಜೊತೆಗೆ ಹೋದಳು. ಅವ್ವ ಸೊಪ್ಪು ಕುಯ್ಯುವಷ್ಟು ಹೊತ್ತೂ ಅವಳು ಗಿಡಗಳ ಬುಡದಲ್ಲಿ ಕೂತು ಹಣ್ಣು ತಿಂದಳು, ಮಡಿಲು ತುಂಬಿಕೊಂಡೂ ಬಂದಳು. ಯಾರು ಬೇಡವೆನ್ನಬೇಕು? ಹುಳುವೇ ತಿಂದ ತೋಟ.

ಅವಳು ಹೊಸಿಲ ಮೇಲಿಂದ ಪಕ್ಕಕ್ಕೆ ವಾಲಿದ ಮೇಲೆ ಎಲ್ಲ ಬೇಗ ಬೇಗ ನಡೆಯಿತು. ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವ ಪಕ್ಕದ ಮನೆಯವರ ಟೆಂಪೋ ಊರಿನಲ್ಲೇ ಇತ್ತು. ಹಿಂದೆ ಗೋಣಿಚೀಲದ ಮೇಲೆ ಅವ್ವ, ಅಪ್ಪ, ನಾನು. ಮಂಜಿಯ ತಲೆ ನನ್ನ ತೊಡೆಯ ಮೇಲೆ. ಅಜ್ಜಿ ಹುಳುವಿನ ಜೊತೆ ಮನೆಯಲ್ಲೇ ಉಳಿದಳು. ದಾರಿಯಲ್ಲಿ ಮಂಜಿ ಎರಡು ಸಲ ವಾಂತಿ ಮಾಡಿಕೊಂಡಳು, ನೇರಳೆ ಬಣ್ಣದ್ದು. ಅವಳ ತೊಡೆಯ, ತೋಳಿನ ಮಾಂಸವೆಲ್ಲ ಚರ್ಮದ ಕೆಳಗೆ ಪುಟುಪುಟು ಅದುರುತ್ತಿತ್ತು. ನನಗೆ ಆಗಲೇ ಗೊತ್ತಿತ್ತು. ಗೊತ್ತಿತ್ತು ಎನ್ನುವುದನ್ನು ನಾನು ಈಗಲೂ ಸುತ್ತುಬಳಸಿ ಹೇಳಲಾರೆ.

ರಾಮನಗರದ ಒಂದು ಸಣ್ಣ ನರ್ಸಿಂಗ್ ಹೋಂ. ಗೋಡೆಯಲ್ಲಿ ಗಡಿಯಾರವಿತ್ತು, ಐದು ಇಪ್ಪತ್ತು. ಡಾಕ್ಟರು ಟಾರ್ಚು ಬಿಟ್ಟು ಮಂಜಿಯ ಕಣ್ಣು ನೋಡಿದರು. ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿತ್ತು.

"ಮಗು ಔಷಧಿ ಡಬ್ಬ ಏನಾದ್ರೂ ಮುಟ್ಟಿತ್ತಾ?"

"ಇಲ್ಲ ಸಾ. ಡಬ್ಬ ಅಟ್ಟದ ಮ್ಯಾಲೈತೆ."

"ತೋಟಕ್ಕೆ ಹೊಡ್ದಿದ್ರಾ?"

"ಹೊಡ್ದು ಒಂಬತ್ ದಿನ ಆಯ್ತು ಸಾ. ಬೆಳಿಗ್ಗೇನೇ ಹುಳೀಗೆ ಹಾಕಿ ನೋಡಿವ್ನಿ, ಒಂದ್ ಹುಳಾನೂ ತಲೆ ಎತ್ನಿಲ್ಲ. ಹುಳ ತಿಂದು ಬದುಕಿದ್ಮ್ಯಾಲೆ ಮನುಷ್ಯರ್ಗೇನಾಯ್ತದೆ ಸಾ?"

ಡಾಕ್ಟರು ಈ ಕಡೆಯವರೇ. ಆ ಮಾತಿನ ತೂಕ ಅವರಿಗೂ ಗೊತ್ತಿತ್ತು. ಕಣ್ಣು ನೋಡಿದರೆ ಔಷಧಿ ಅನ್ನಿಸುತ್ತಿದೆ ಎಂದರು. ಹಿಂದೆ ಎಂದಾದರೂ ಫಿಟ್ಸ್ ಬಂದಿತ್ತೇ, ಏನಾದರೂ ಕಚ್ಚಿತೇ ಎಂದು ಕೇಳಿದರು. ಮತ್ತೆ ತೋಟದ ಮಾತೆತ್ತಿದರು. ಅಪ್ಪ ಮತ್ತೆ ಅದನ್ನೇ ಹೇಳಿದ, ಈ ಸಲ ಆಣೆ ಇಟ್ಟು. ನಾನು ಮಂಚದ ಕಾಲಿನ ಕಡೆ ನಿಂತಿದ್ದೆ. ಬಾಯಿ ತೆರೆದರೆ ಆ ಸೊಪ್ಪು ವಿಷವಾಗಿಬಿಡುತ್ತದೆ, ಸುಮ್ಮನಿದ್ದರೆ ಹುಳು ತಿಂದು ಬದುಕಿದ್ದೇ ನಿಜವಾಗಿ ಉಳಿಯುತ್ತದೆ ಎಂಬ ಹುಚ್ಚು ಯೋಚನೆಯೊಂದು ನನ್ನನ್ನು ಹಿಡಿದಿತ್ತು. ಕರಡಿಗೆ ಹೆದರಿದೆ ಎಂದು ಇಷ್ಟು ಜನರ ಮುಂದೆ ಹೇಳಬೇಕಲ್ಲ ಎಂಬ ನಾಚಿಕೆಯೂ ಇತ್ತು. ತಂಗಿ ಸಾಯುತ್ತಿರುವಾಗ ನನಗೆ ನಾಚಿಕೆಯಿತ್ತು. ಮಂಜಿಯ ಎದೆಯಲ್ಲಿ ಹುಕ್ಕಾ ಸೇದಿದಂತೆ ಗೊರಗೊರ ಸದ್ದು ಶುರುವಾಯಿತು. ಐದು ಮೂವತ್ತೈದು.

"ಅಪ್ಪಾ, ಆ ಸೊಪ್ಪು ಬಂಡೆ ತೋಟದ್ದಲ್ಲ."

"ಏನಂದೆ?"

"ಬೆಳಿಗ್ಗೆ ತಂದಿದ್ದು. ಬಾವಿ ತೋಟದ್ದು."

ಡಾಕ್ಟರು ಅಪ್ಪನ ಉತ್ತರಕ್ಕೆ ಕಾಯಲಿಲ್ಲ. ಸಿಸ್ಟರನ್ನು ಕೂಗಿದರು. ಸೂಜಿ, ಸ್ವಲ್ಪ ಹೊತ್ತಿಗೆ ಇನ್ನೊಂದು ಸೂಜಿ, ಮೂಗಿನೊಳಗೆ ಒಂದು ಕೊಳವೆ. ನಮ್ಮನ್ನು ಹೊರಗೆ ಕಳಿಸಿದರು. ಬೆಂಚಿನ ಮೇಲೆ ಅಪ್ಪ ನನ್ನ ಕಡೆ ನೋಡದೆ ಗೋಡೆಯನ್ನೇ ನೋಡುತ್ತ ಕೂತಿದ್ದ. ಅವನ ಬಾಯಿಂದ ಒಂದು ಮಾತು ಬಂತು.

"ನಾಲ್ಕು ಗಂಟೆಗೆ ಹುಳೀಗೂ ಆ ಸೊಪ್ನೇ ಹಾಕ್ಬುಟ್ವಲ್ಲ."

ಅವ್ವ ಎದ್ದು ನಿಂತಳು. ಅವಳು ಅಪ್ಪನಿಗೆ ಏಕವಚನದಲ್ಲಿ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಒಳಗೆ ಮಗ ಉಸ್ರಿಗೆ ಒದ್ದಾಡ್ತಾ ಐತೆ. ನಿನ್ ಬಾಯಾಗೆ ಹುಳದ ಮಾತು ಬಂತಲ್ಲೋ!"

ಅಪ್ಪ ತಲೆ ತಗ್ಗಿಸಿದ. ಅವನನ್ನು ಈಗ ನಾನು ದೂರುವುದಿಲ್ಲ. ಹುಳುಮನೆಯಲ್ಲಿ ಬದುಕಿದವರಿಗೆ ಎಲ್ಲ ಯೋಚನೆಯೂ ಆ ದಾರಿಯಲ್ಲೇ ಬರುತ್ತದೆ.

ಮಂಜಿ ಉಳಿದಳು. ಮೂರನೆಯ ದಿನ ಕಣ್ಣು ಬಿಟ್ಟು, ಬಾಯಾರಿಕೆ ಎಂದಳು. ಇನ್ನೊಂದರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ಡಾಕ್ಟರು ಅಪ್ಪನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಅವರು ಅದನ್ನು ಸಮಾಧಾನಕ್ಕೆಂದು ಹೇಳಿದ್ದರು. ನಾನು ಮಾತ್ರ ಆ ಅರ್ಧ ಗಂಟೆಯಲ್ಲಿ ನನ್ನ ಹದಿನೈದು ನಿಮಿಷಗಳನ್ನು ಕಳೆದು, ಕೂಡಿ, ಮತ್ತೆ ಕಳೆಯುತ್ತ ಬಂದಿದ್ದೇನೆ. ಅವಳಿಗೀಗ ಎರಡು ಮಕ್ಕಳು, ಚನ್ನಪಟ್ಟಣದಲ್ಲಿದ್ದಾಳೆ. ಆ ದಿನದ್ದು ಒಂದೂ ನೆನಪಿಲ್ಲವಂತೆ. ನೆನಪಿರುವ ಕೆಲಸವೆಲ್ಲ ನನ್ನ ಪಾಲಿಗೆ ಬಂತು.

ನಾವು ಮನೆಗೆ ಬಂದಾಗ ನಡುಮನೆ ಬರಿದಾಗಿತ್ತು. ಹುಳು ಮೇಯುವ ಸದ್ದು ನಿಂತ ಮನೆಯಲ್ಲಿ ಗಡಿಯಾರದ ಸದ್ದು ಮೊದಲ ಸಲ ಕೇಳಿಸಿತು. ನಾವು ಆಸ್ಪತ್ರೆಗೆ ಹೋದ ಸಂಜೆ ದೀಪ ಹಚ್ಚುವ ಹೊತ್ತಿಗೆ ತಟ್ಟೆ ತಟ್ಟೆಯಲ್ಲೂ ಹುಳು ತಲೆ ಎತ್ತಿ ಅಲ್ಲಾಡಿಸತೊಡಗಿದವಂತೆ. ಅಜ್ಜಿ ಒಬ್ಬಳೇ ಎಲ್ಲವನ್ನೂ ಕುಕ್ಕೆಗೆ ಸುರಿದು, ಹಿತ್ತಿಲಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದ್ದಳು. ಅವಳ ಅಂಗೈ ಬೊಬ್ಬೆ ಬಂದಿತ್ತು. ಗೋಡೆಯ ಮೇಲೆ ಚಿಟ್ಟೆ ಕೂತರೆ ಅವಳು ಈಗ ಹೆಸರು ಹೇಳುತ್ತಿರಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಿದ್ದಳು. ಗೋಡೆಯಲ್ಲಿ ಕಂದು ಪುಡಿಯ ಗೆರೆ ಉಳಿಯುತ್ತಿತ್ತು.

ನನ್ನನ್ನು ಯಾರೂ ಹೊಡೆಯಲಿಲ್ಲ, ಯಾರೂ ಬಯ್ಯಲಿಲ್ಲ. ಅಪ್ಪ ಮೊದಲಿನಂತೆಯೇ ಮಾತಾಡಿಸುತ್ತಿದ್ದ, ಆದರೆ ಯಾವ ಕೆಲಸವನ್ನೂ ನನಗೆ ಒಬ್ಬಳಿಗೇ ಹೇಳುತ್ತಿರಲಿಲ್ಲ. ನೀರು ತಾ ಎಂದರೂ ತಂದದ್ದನ್ನು ಒಮ್ಮೆ ನೋಡಿ ಕುಡಿಯುತ್ತಿದ್ದ. ಅವನಿಗೆ ಅದು ತಿಳಿದಿತ್ತೋ ಇಲ್ಲವೋ. ಹೇಳಿದ್ದನ್ನು ಕಣ್ಣಿಂದ ಕಂಡಲ್ಲದೆ ನಂಬದ, ಬಾಗಿಲ ಬೀಗವನ್ನು ಮೂರು ಸಲ ಎಳೆದು ನೋಡುವ, ಮಕ್ಕಳು ಹೆದರಿಕೆ ಎಂದರೆ ಎಂಥ ಕೆಲಸವನ್ನೂ ಬಿಟ್ಟು ಕೂತು ಕೇಳುವ ಹೆಂಗಸಾಗಿ ನಾನು ಬೆಳೆದದ್ದು ಆ ದಿನಗಳಿಂದಲೇ ಇರಬೇಕು. ರಾತ್ರಿ ಯಾರಿಗೂ ನಿದ್ದೆಯಿರಲಿಲ್ಲ. ಹುಳುವಿಗೆ ಸೊಪ್ಪು ಹಾಕಲು ಏಳುವ ಅಭ್ಯಾಸ ಮೈಗೆ ಅಂಟಿತ್ತು, ಹುಳು ಇಲ್ಲದಿದ್ದರೂ ಏಳುತ್ತಿದ್ದೆವು. ನಾನು ಎದ್ದಾಗಲೆಲ್ಲ ಮಂಜಿಯ ಮೂಗಿನ ಹತ್ತಿರ ಕೈ ಇಟ್ಟು ಉಸಿರು ನೋಡುತ್ತಿದ್ದೆ. ಎಷ್ಟೋ ಸಲ ನನ್ನ ಕೈಗಿಂತ ಮುಂಚೆ ಅಲ್ಲಿ ಅವ್ವನ ಕೈ ಇರುತ್ತಿತ್ತು. ಕೈಗೆ ಕೈ ತಾಗಿದರೆ ಇಬ್ಬರೂ ಹಿಂದಕ್ಕೆಳೆದುಕೊಳ್ಳುತ್ತಿದ್ದೆವು.

ಸಂಕ್ರಾಂತಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಅವ್ವ ಜಗಲಿಯಲ್ಲಿ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ. ಅದಕ್ಕೇ ಕೇಳಿದಳೇನೋ.

"ಅವತ್ತು ಯಾಕವ್ವಾ ಆ ತೋಟಕ್ಕೆ ಹೋಗ್ನಿಲ್ಲ ನೀನು?"

"ಕರಡಿ ಇರ್ತದೆ ಅಂತ."

"ನನ್ ತಾವ ಹೇಳ್ಬಾರ್ದಿತ್ತಾ?"

"ನಗ್ತಿದ್ರಿ."

ಅವ್ವನ ಬೆರಳು ನನ್ನ ನೆತ್ತಿಯ ಮೇಲೆ ನಿಂತಿತು. ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು.

"ನಂಗೂ ಅವತ್ತು ಅಂಥಾ ಕೆಲ್ಸ ಏನಿರ್ನಿಲ್ಲ ಕಣವ್ವ," ಎಂದಳು. "ಮದ್ವೆ ಆಗಿ ಬಂದ ವರ್ಸ ಆ ಬೇಲೀಲಿ ನಾನೂ ಅದ್ನ ಕಂಡಿದ್ದೆ. ಯಾರ್ಗೂ ಹೇಳ್ನಿಲ್ಲ. ಈ ಮನ್ಯಾಗೆ ಹೆದ್ರಿಕೆ ಅಂದ್ರೆ ನಗ್ತಾರೆ. ಒಬ್ಳೆ ಹೋಗಾಕೆ ಆಗ್ದೆ ನಿನ್ನ ಕಳಿಸ್ಬುಟ್ಟೆ. ಮಂಜಿ ಜತೇಲಿದ್ದಿದ್ಕೆ ಮದ್ಯಾನ ಹೋದೆ. ಅವ್ಳು ಒದರ್ತಾ ಇದ್ರೆ ನಂಗೆ ಧೈರ್ಯ."

ಆಮೇಲೆ ಜಡೆ ಹೆಣೆದಳು, ಬಹಳ ಬಿಗಿಯಾಗಿ, ಹಣೆ ಎಳೆಯುವಷ್ಟು.

ಅಂದು ರಾತ್ರಿ ಮಲಗಿದ ನಾನು ಮಂಜಿಯ ಉಸಿರು ನೋಡಲೂ ಏಳಲಿಲ್ಲ. ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲಿತ್ತು, ಮಂಜಿ ಹಿತ್ತಿಲಲ್ಲಿ ಕೋಳಿ ಅಟ್ಟುತ್ತಿದ್ದಳು. ಅವ್ವ ಒಲೆಯ ಮುಂದೆ ಕೂತಿದ್ದಳು, ಕಣ್ಣು ಕೆಂಪಾಗಿತ್ತು. ನೀನು ಮಲಗಿದೆಯಾ ಎಂದು ನಾನು ಕೇಳಲಿಲ್ಲ.